ಬಾಕ್ಸ್ ಇಲ್ದೆ ಹ್ಯಾಂಬರ್ಗರ್ ಹೆಲ್ಪರ್: ಒಂದೇ ಬಾಣಲೇಲಿ ಚೀಸ್‌ಬರ್ಗರ್ ಮ್ಯಾಕರೋನಿ ಮನೇಲೇ ಮಾಡೋದು ಹೇಗೆ

ಅಮೆರಿಕಕ್ಕೆ ಓದೋಕೋ ಕೆಲಸಕ್ಕೋ ಬಂದಿರೋ ನಮ್ಮವ್ರೆಲ್ಲ ಗ್ರೋಸರಿ ಅಂಗಡೀಲಿ ಪಾಸ್ತಾ ಇಟ್ಟಿರೋ ಕಡೆ ಈ ಬಾಕ್ಸ್ ನೋಡೇ ಇರ್ತೀರ, ಮೇಲೆ ಒಂದು ಬಿಳೀ ಕೈ, ನಾಲ್ಕೇ ಬೆರಳು, ಮುಖ ಇದೆ, ನಗ್ತಾ ಇರತ್ತೆ. ಅದೇ ಹ್ಯಾಂಬರ್ಗರ್ ಹೆಲ್ಪರ್, ಒಳಗೆ ಒಣ ಪಾಸ್ತಾ, ಸಾಸ್ ಪುಡಿ ಇರತ್ತೆ, ಖೀಮಾ, ಹಾಲು ನಾವು ಸೇರಿಸ್ಕೋಬೇಕು. ನಾನು ಮೊದಲ ಸಲ ತಿಂದಿದ್ದು ಮಾಸ್ಟರ್ಸ್ ಮಾಡ್ಬೇಕಾದ್ರೆ, ರೂಮ್‌ಮೇಟ್ ಒಬ್ಬ ಇಲ್ಲಿಯವನೇ, ಪ್ರತಿ ಗುರುವಾರ ರಾತ್ರಿ ಮಾಡ್ತಿದ್ದ, ಬಾಣಲೆ ಸಮೇತ ಟೇಬಲ್ ಮೇಲೆ ತಂದಿಟ್ಟು ಎಲ್ರಿಗೂ ಬಡಿಸ್ತಿದ್ದ. ಹೊರಗೆ ಹಿಮ ಬೀಳ್ತಿರೋವಾಗ ಆ ಬಿಸಿಬಿಸಿ ಚೀಸು, ಮ್ಯಾಕರೋನಿ, ಖೀಮಾ ಎಲ್ಲ ಕಲಸಿಕೊಂಡಿರೋದು ಬಿಸಿಬೇಳೆಬಾತ್ ಥರಾನೇ ಹೊಟ್ಟೆಗೆ ಸಮಾಧಾನ ಕೊಡ್ತಿತ್ತು. ಇವತ್ತಿಗೂ ನಮ್ಮನೇಲಿ ಮಕ್ಕಳು ಕೇಳಿ ಮಾಡಿಸ್ಕೊಳ್ತಾರೆ, ಆದ್ರೆ ಬಾಕ್ಸ್ ತರೋದು ಬಿಟ್ಟು ಎಷ್ಟೋ ವರ್ಷ ಆಯ್ತು.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ದುಡ್ಡು ಉಳಿಸೋಕೆ ಅಂತ ಇದನ್ನ ಮಾಡ್ಬೇಡಿ, ಉಳಿಯಲ್ಲ. ಬಾಕ್ಸ್ ಅಗ್ಗ, ಒಳ್ಳೇ ಚೆಡ್ಡರ್ ಗಟ್ಟಿಗೆ ಅದಕ್ಕಿಂತ ಜಾಸ್ತಿ ಆಗತ್ತೆ. ಮಾಡ್ಬೇಕಾಗಿರೋದು ಯಾಕಂದ್ರೆ ಉಪ್ಪು ನಿಮ್ಮ ಕೈಲಿರತ್ತೆ, ಚೀಸ್ ನಿಜವಾದ ಚೀಸ್ ಇರತ್ತೆ, ಬೀಫ್ ತಿನ್ನದೇ ಇರೋರು, ಮಾಂಸಾನೇ ತಿನ್ನದೇ ಇರೋರು ಇಬ್ರೂ ತಮಗೆ ಬೇಕಾದ ಹಾಗೆ ಮಾಡ್ಕೋಬೋದು. ಮತ್ತೆ ಬಾಕ್ಸ್‌ನಿಂದ ಮಾಡಿದ್ರೂ ಬಾಣಲೆ ಹಿಡ್ಕೊಂಡು ನಿಲ್ಲೋದು ನೀವೇ, ಮಾಂಸ ಹುರಿಯೋದು ನೀವೇ, ಹಾಲು ಹಾಕೋದೂ ನೀವೇ, ಹಾಗಾಗಿ ಮನೇಲೇ ಮಾಡೋದಕ್ಕೆ ಹೆಚ್ಚಿಗೆ ಹಿಡಿಯೋದು ಚೀಸ್ ತುರಿಯೋ ಐದು ನಿಮಿಷ ಅಷ್ಟೇ.

ಬಾಕ್ಸ್ ಒಳಗೆ ಏನಿರತ್ತೆ

ಮಿನ್ನೆಸೋಟಾದ ಜನರಲ್ ಮಿಲ್ಸ್ ಕಂಪನಿ 1971ರಲ್ಲಿ ಇದನ್ನ ದೇಶದಾದ್ಯಂತ ಮಾರೋಕೆ ಶುರು ಮಾಡ್ತು. ಆಗ ಇಲ್ಲಿ ಮಾಂಸದ ಬೆಲೆ ಏರ್ತಾ ಇದ್ದ ಕಾಲ, 1973ರಲ್ಲಂತೂ ಗೃಹಿಣಿಯರು ಸೇರ್ಕೊಂಡು ಮಾಂಸ ಕೊಳ್ಳಲ್ಲ ಅಂತ ಬಹಿಷ್ಕಾರಾನೇ ಹಾಕಿದ್ರು. ಒಂದು ಪೌಂಡ್ ಖೀಮಾನ ಇಡೀ ಮನೆಗೆ ಸಾಲೋ ಹಾಗೆ ಹಿಗ್ಗಿಸ್ಬೇಕು, ಅದೂ ಒಂದೇ ಪಾತ್ರೇಲಿ, ಅರ್ಧ ಗಂಟೇಲಿ. ಇದೇ ಐಡಿಯಾ. ನಮ್ಮಲ್ಲಿ ಅರ್ಧ ಕೆಜಿ ಖೀಮಾಗೆ ಆಲೂಗಡ್ಡೆ ಬಟಾಣಿ ಹಾಕಿ ಎಂಟು ಜನಕ್ಕೆ ಸಾರು ಮಾಡ್ತಾರಲ್ಲ, ಅದೇ ಲೆಕ್ಕ. ಆ ನಗೋ ಕೈ ಬಂದಿದ್ದು 1977ರಲ್ಲಿ. 2013ರಲ್ಲಿ ಹೆಸರಿಂದ ಹ್ಯಾಂಬರ್ಗರ್ ತೆಗೆದು ಬರೀ ಹೆಲ್ಪರ್ ಅಂತ ಮಾಡಿದ್ರು, 2022ರಲ್ಲಿ ಬ್ರ್ಯಾಂಡನ್ನೇ ಈಗಲ್ ಫ್ಯಾಮಿಲಿ ಫುಡ್ಸ್‌ಗೆ ಮಾರಿಬಿಟ್ರು. ಜನ ಮಾತ್ರ ಈಗ್ಲೂ ಹಳೇ ಹೆಸರೇ ಹೇಳೋದು.

ಚೀಸ್‌ಬರ್ಗರ್ ಮ್ಯಾಕರೋನಿ ಬಾಕ್ಸ್ ಬಿಚ್ಚಿದ್ರೆ ಒಣ ಪಾಸ್ತಾ ಒಂದಿಷ್ಟು, ಪುಡಿ ಇರೋ ಒಂದು ಸ್ಯಾಶೆ, ಇಷ್ಟೇ. ಪುಡೀಲಿ ಮುಖ್ಯವಾಗಿ ಗಟ್ಟಿ ಬರಿಸೋಕೆ ಪಿಷ್ಟ ಅಂದ್ರೆ ಕಾರ್ನ್ ಸ್ಟಾರ್ಚ್, ಒಣಗಿಸಿದ ಚೀಸ್, ಹಾಲಿನ ಅಂಶ, ಉಪ್ಪು, ಸ್ವಲ್ಪ ಸಕ್ಕರೆ, ಈರುಳ್ಳಿ ಬೆಳ್ಳುಳ್ಳಿ ಪುಡಿ, ಬಣ್ಣ. ಇದು ಗೊತ್ತಾದ್ಮೇಲೆ ಮನೇಲಿ ಮಾಡೋದು ಕಷ್ಟ ಏನಲ್ಲ, ಆದ್ರೆ ಒಣ ಚೀಸ್ ಪುಡಿ ಹೇಗೆ ಕುದಿಸಿದ್ರೂ ಒಡಿಯಲ್ಲ, ನಿಜವಾದ ಚೀಸ್ ಒಡಿಯತ್ತೆ, ಈ ಒಂದು ವ್ಯತ್ಯಾಸ ಮಾತ್ರ ಪೂರ್ತಿ ಅಡುಗೆ ಮುಗಿಯೋವರೆಗೂ ತಲೇಲಿಟ್ಕೊಳ್ಳಿ.

ಬೇಕಾಗಿರೋದು

ನಾಲ್ಕು ಜನಕ್ಕೆ ಹೊಟ್ಟೆ ತುಂಬೋ ಅಷ್ಟು ಲೆಕ್ಕ. ಕಪ್ ಅಂದ್ರೆ ಇಲ್ಲಿನ 240 ಎಂಎಲ್ ಕಪ್.

ಖೀಮಾ ಒಂದು ಪೌಂಡ್, ಅಂದ್ರೆ 454 ಗ್ರಾಂ. ಎಲ್ಬೋ ಮ್ಯಾಕರೋನಿ 2 ಕಪ್, ತೂಕದಲ್ಲಿ 225 ಗ್ರಾಂ. ಬಿಸಿನೀರು 2 ಕಪ್, ಕೆನೆ ತೆಗೀದಿರೋ ತಣ್ಣನೆ ಹಾಲು ಒಂದೂವರೆ ಕಪ್. ಶಾರ್ಪ್ ಚೆಡ್ಡರ್ 170 ಗ್ರಾಂ, ತುರಿದ್ರೆ ಸುಮಾರು ಒಂದೂವರೆ ಕಪ್ ಬರತ್ತೆ. ಒಂದು ಸಣ್ಣ ಈರುಳ್ಳಿ ಸಣ್ಣಗೆ ಹೆಚ್ಚಿದ್ದು, ಟೊಮೆಟೊ ಕೆಚಪ್ 1 ಟೇಬಲ್ ಸ್ಪೂನ್, ಹಳದಿ ಮಸ್ಟರ್ಡ್ ಸಾಸ್ 1 ಟೀ ಸ್ಪೂನ್.

ಪುಡಿ ಮಿಶ್ರಣಕ್ಕೆ: ಕಾರ್ನ್ ಸ್ಟಾರ್ಚ್ 1 ಟೇಬಲ್ ಸ್ಪೂನ್, ಪಪ್ರಿಕಾ ಒಂದೂವರೆ ಟೀ ಸ್ಪೂನ್, ಬೆಳ್ಳುಳ್ಳಿ ಪುಡಿ 1 ಟೀ ಸ್ಪೂನ್, ಈರುಳ್ಳಿ ಪುಡಿ 1 ಟೀ ಸ್ಪೂನ್, ಸಕ್ಕರೆ 1 ಟೀ ಸ್ಪೂನ್, ಉಪ್ಪು ಮುಕ್ಕಾಲು ಟೀ ಸ್ಪೂನ್, ಜೀರಿಗೆ ಪುಡಿ, ಒಣ ಓರೆಗಾನೊ, ಕರಿಮೆಣಸಿನ ಪುಡಿ ತಲಾ ಅರ್ಧ ಟೀ ಸ್ಪೂನ್, ಅರಿಶಿನ ಒಂದು ಚಿಟಿಕೆ.

ಇಲ್ಲಿ ಎರಡು ಪದ ನಮ್ಮವ್ರನ್ನ ದಾರಿ ತಪ್ಪಿಸತ್ತೆ, ನನಗೇ ಎರಡೂ ಸಲ ಆಗಿದೆ, ಅದಕ್ಕೆ ಬಿಡಿಸಿ ಹೇಳ್ತೀನಿ.

ಒಂದು, ಕಾರ್ನ್ ಫ್ಲೋರ್. ಊರಲ್ಲಿ ಗೋಬಿ ಮಂಚೂರಿಗೆ ಹಾಕೋ ಬಿಳೀ ನುಣುಪು ಪುಡಿಗೆ ಕಾರ್ನ್ ಫ್ಲೋರ್ ಅಂತೀವಿ. ಅಮೆರಿಕದಲ್ಲಿ ಆ ಪುಡಿ ಹೆಸರು ಕಾರ್ನ್ ಸ್ಟಾರ್ಚ್. ಇಲ್ಲಿ ಕಾರ್ನ್ ಫ್ಲೋರ್ ಅಂತ ಕೇಳಿದ್ರೆ ಇಡೀ ಮೆಕ್ಕೆಜೋಳ ನುಣ್ಣಗೆ ಬೀಸಿದ ಹಿಟ್ಟು ಸಿಗತ್ತೆ, ಅದನ್ನ ಹಾಕಿದ್ರೆ ಸಾಸ್ ಮರಳು ಮರಳಾಗಿ ಅಂಬಲಿ ಥರ ಆಗತ್ತೆ, ನುಣುಪು ಬರೋದೇ ಇಲ್ಲ.

ಎರಡು, ಚಿಲ್ಲಿ ಪೌಡರ್. ಇಲ್ಲಿನ ರೆಸಿಪಿಗಳಲ್ಲಿ ಒಂದು ಟೇಬಲ್ ಸ್ಪೂನ್ ಚಿಲ್ಲಿ ಪೌಡರ್ ಅಂತ ಬರೆದಿರ್ತಾರೆ. ಅದು ನಮ್ಮ ಖಾರದ ಪುಡಿ ಅಲ್ಲವೇ ಅಲ್ಲ, ಸಪ್ಪೆ ಮೆಣಸಿನಕಾಯಿಗೆ ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಎಲ್ಲ ಬೆರೆಸಿರೋ ಮಸಾಲೆ ಪುಡಿ. ಆ ಅಳತೇಲಿ ಗುಂಟೂರು ಖಾರದ ಪುಡಿ ಸುರಿದ್ರೆ ಮನೇಲಿ ಯಾರೂ ಬಾಯಿಗಿಡೋಕಾಗಲ್ಲ. ನಾನು ಮೇಲೆ ಕೊಟ್ಟಿರೋ ಪಪ್ರಿಕಾ, ಜೀರಿಗೆ, ಓರೆಗಾನೊ ಸೇರಿದ್ರೆ ಆ ಮಸಾಲೆ ಪುಡಿಯ ರುಚೀನೇ ಬರತ್ತೆ. ಪಪ್ರಿಕಾ ಇಲ್ವಾ, ಊರಿಂದ ತಂದ ಬ್ಯಾಡಗಿ ಪುಡಿ ಇದ್ರೆ 1 ಟೀ ಸ್ಪೂನ್ ಹಾಕಿ, ಕಣ್ಣು ಮುಚ್ಕೊಂಡು ಹಾಕಿ. ಹಾವೇರಿ ಕಡೆಯ ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರೋದೇ ಬಣ್ಣ ಜಾಸ್ತಿ, ಖಾರ ಕಮ್ಮಿ ಅನ್ನೋದಕ್ಕೆ, ಈ ಅಡುಗೇಲಿ ಪಪ್ರಿಕಾ ಮಾಡೋ ಕೆಲಸಾನೂ ಅದೇ. ನನಗಂತೂ ಅಂಗಡಿ ಪಪ್ರಿಕಾಗಿಂತ ಬ್ಯಾಡಗೀನೇ ಇಷ್ಟ, ಘಮ ಬೇರೆ ಇರತ್ತೆ.

ಚೀಸ್ ವಿಷಯ. ತುರಿದು ಪ್ಯಾಕೆಟ್ ಮಾಡಿರೋದು ಬೇಡ, ಗಟ್ಟಿ ತಂದು ಮನೇಲೇ ತುರ್ಕೊಳ್ಳಿ. ಪ್ಯಾಕೆಟ್ ಚೀಸ್ ಎಳೆ ಒಂದಕ್ಕೊಂದು ಅಂಟದೇ ಇರ್ಲಿ ಅಂತ ಆಲೂಗಡ್ಡೆ ಪಿಷ್ಟಾನೋ ಸೆಲ್ಯುಲೋಸೋ ಸವರಿರ್ತಾರೆ, ಅದರಿಂದ ಸಾಸ್ ನಯವಾಗಿ ಕರಗಲ್ಲ. ಶಾರ್ಪ್ ಅಂತ ಬರೆದಿರೋದೇ ತಗೊಳ್ಳಿ, ಮೈಲ್ಡ್ ಹಾಕಿದ್ರೆ ಪಾಸ್ತಾ ಹಾಲಲ್ಲಿ ರುಚಿ ಕಳೆದೇ ಹೋಗತ್ತೆ. ಸಸ್ಯಾಹಾರಿಗಳು ಲೇಬಲ್ ಓದಿ, ಹಾಲು ಒಡೆಸೋ ರೆನೆಟ್ ಪ್ರಾಣಿ ಮೂಲದ್ದೂ ಇರ್ಬೋದು. ವೆಜಿಟೇರಿಯನ್ ಅಥವಾ ಮೈಕ್ರೋಬಿಯಲ್ ರೆನೆಟ್ ಅಂತ ಇದ್ರೆ ಧೈರ್ಯವಾಗಿ ತಗೊಳ್ಳಿ.

ಯಾವ ಖೀಮಾ

ಮೂಲದಲ್ಲಿ ಇದು ಬೀಫ್ ಅಡುಗೆ, ಹೆಸರೇ ಹೇಳತ್ತೆ. ಬೀಫ್ ತಿನ್ನೋರು 85/15 ಅಂತ ಇರೋದು ತಗೊಳ್ಳಿ, ಅಂದ್ರೆ ನೂರಕ್ಕೆ ಹದಿನೈದು ಭಾಗ ಕೊಬ್ಬು. 80/20 ಆದ್ರೆ ಹುರಿದಾದ್ಮೇಲೆ ಒಂದೆರಡು ಸ್ಪೂನ್ ಕೊಬ್ಬು ಉಳಿಸ್ಕೊಂಡು ಮಿಕ್ಕಿದ್ದು ತೆಗೀಬೇಕಾಗತ್ತೆ, ಅದನ್ನ ಸಿಂಕಿಗೆ ಸುರೀಬೇಡಿ, ಪೈಪ್ ಒಳಗೆ ಹೆಪ್ಪುಗಟ್ಟಿ ಕಟ್ಕೊಳ್ಳತ್ತೆ, ಖಾಲಿ ಡಬ್ಬಿಗೆ ಬಗ್ಗಿಸಿ ಗಟ್ಟಿಯಾದ್ಮೇಲೆ ಕಸಕ್ಕೆ ಹಾಕಿ.

ನಮ್ಮಲ್ಲಿ ಬಹಳ ಮನೇಲಿ ಬೀಫ್ ತರಲ್ಲ, ಅವ್ರಿಗೆ ಟರ್ಕಿ ಖೀಮಾ ಎಲ್ಲ ಅಂಗಡೀಲೂ ಸಿಗತ್ತೆ. 93/7 ಇರೋದು ಸಾಕು, 99 ಅಂತ ಇರೋದು ಬರೀ ಎದೆ ಮಾಂಸ, ಒಣಕಲಾಗತ್ತೆ. ಟರ್ಕಿ ಚಿಕನ್ ಎರಡಕ್ಕೂ ಕೊಬ್ಬು ಕಮ್ಮಿ, ರುಚೀನೂ ಮೆತ್ತಗೆ, ಅದಕ್ಕೆ 1 ಟೇಬಲ್ ಸ್ಪೂನ್ ಬೆಣ್ಣೆ ಜಾಸ್ತಿ ಹಾಕಿ, ಒಂದು ಟೀ ಸ್ಪೂನ್ ಸೋಯಾ ಸಾಸ್ ಬಿಡಿ, ಆಗ ಆ ಮಾಂಸದ ಗಾಢ ರುಚಿ ಬರತ್ತೆ. ಹಲಾಲ್ ಅಂಗಡಿಯ ಕುರಿ ಖೀಮಾನೂ ಚೆನ್ನಾಗಿರತ್ತೆ, ಆದ್ರೆ ವಾಸನೆ ಮುಂದೆ ನಿಲ್ಲತ್ತೆ, ಚೆಡ್ಡರ್ ಜೊತೆ ಅಷ್ಟು ಹೊಂದಲ್ಲ ಅನ್ನೋದು ನನ್ನ ಅನಿಸಿಕೆ.

ಪೂರ್ತಿ ವೆಜ್ ಬೇಕಂದ್ರೆ ಸೋಯಾ ಗ್ರ್ಯಾನ್ಯೂಲ್ಸ್. ಒಂದೂವರೆ ಕಪ್ ಒಣ ಗ್ರ್ಯಾನ್ಯೂಲ್ಸ್‌ನ ಉಪ್ಪು ಹಾಕಿದ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ತಣ್ಣೀರಲ್ಲಿ ಎರಡು ಸಲ ತೊಳೆದು ಗಟ್ಟಿಯಾಗಿ ಹಿಂಡಿ. ಸರಿಯಾಗಿ ಹಿಂಡಲಿಲ್ಲ ಅಂದ್ರೆ ಆ ಹಸೀ ವಾಸನೆ ಕೊನೇವರೆಗೂ ಹೋಗಲ್ಲ, ನೆಂಟರು ಒಂದು ತುತ್ತಿಗೇ ಗುರುತು ಹಿಡೀತಾರೆ. ಸೋಯಾಗೆ ತನ್ನದೇ ಕೊಬ್ಬು ಇಲ್ಲ, 3 ಟೇಬಲ್ ಸ್ಪೂನ್ ಬೆಣ್ಣೇಲಿ ಕೆಂಪಗಾಗೋವರೆಗೂ ಹುರೀಬೇಕು. ಇದನ್ನ ನಾನು ಮಾಂಸದ ಬದಲಿ ಅಂತ ಅಲ್ಲ, ಅದರದ್ದೇ ಒಂದು ಒಳ್ಳೇ ಅಡುಗೆ ಅಂತ ಮಾಡ್ತೀನಿ.

ಮಾಡೋ ವಿಧಾನ

ಪಾತ್ರೆ ಮೊದಲು. 12 ಇಂಚು ಅಗಲ, ಸ್ವಲ್ಪ ಆಳ ಇರೋದು, ಮುಚ್ಚಳ ಸರಿಯಾಗಿ ಕೂರೋದು ಬೇಕು. ಬೀಡು ಕಬ್ಬಿಣದ್ದಾದ್ರೆ ತುಂಬಾ ಒಳ್ಳೇದು, ನಾನ್‌ಸ್ಟಿಕ್ ಆದ್ರೂ ನಡಿಯತ್ತೆ. 10 ಇಂಚಿನದರಲ್ಲಿ ಮಾಡ್ಬೇಡಿ, ಉಕ್ಕಿ ಸ್ಟೋವೆಲ್ಲ ಆಗತ್ತೆ, ಮಾಂಸಾನೂ ಹುರಿಯೋ ಬದಲು ಬೇಯತ್ತೆ.

ಬಾಣಲೆ ಚೆನ್ನಾಗಿ ಕಾಯಲಿ, ಒಂದು ಸ್ಪೂನ್ ಎಣ್ಣೆ ಬಿಡಿ, ಖೀಮಾನ ಇಡೀ ತಳಕ್ಕೆ ರೊಟ್ಟಿ ಥರ ಹರಡಿ, ಆಮೇಲೆ ಮುಟ್ಟಬೇಡಿ. ಮೂರು ನಾಲ್ಕು ನಿಮಿಷ ಸುಮ್ನೆ ಬಿಡಿ. ಹಾಕಿದ ತಕ್ಷಣ ಕೆದಕೋಕೆ ಶುರು ಮಾಡೋದೇ ಎಲ್ರೂ ಮಾಡೋ ತಪ್ಪು, ಕೆದಕಿದ್ರೆ ನೀರು ಬಿಟ್ಕೊಂಡು ಬೂದು ಬಣ್ಣಕ್ಕೆ ಬೇಯತ್ತೆ, ಕಂದು ಬಣ್ಣ ಬರಲ್ಲ, ಆ ಕಂದು ಪದರದಲ್ಲೇ ಬರ್ಗರ್ ರುಚಿ ಇರೋದು. ತಳ ಕೆಂಪಗಾದ್ಮೇಲೆ ತಿರುಗಿಸಿ, ಮರದ ಸಟ್ಟುಗದಲ್ಲಿ ಒಡೀತಾ ಈರುಳ್ಳಿ ಸೇರಿಸಿ, ಇನ್ನೊಂದು ನಾಲ್ಕು ನಿಮಿಷ. ಎಲ್ಲೂ ಹಸಿ ಗುಲಾಬಿ ಬಣ್ಣ ಉಳೀಬಾರ್ದು. ಥರ್ಮಾಮೀಟರ್ ಇದ್ರೆ ಬೀಫ್ 71 ಡಿಗ್ರಿ ಸೆಲ್ಸಿಯಸ್, ಟರ್ಕಿ ಚಿಕನ್ 74 ಡಿಗ್ರಿ ಮುಟ್ಟಬೇಕು, ಇಲ್ಲಿ ಓವನ್ ಥರ್ಮಾಮೀಟರೆಲ್ಲ ಫ್ಯಾರನ್‌ಹೈಟ್‌ನಲ್ಲಿ ಇರೋದ್ರಿಂದ 160 ಮತ್ತೆ 165 ಅಂತ ನೆನಪಿಟ್ಕೊಳ್ಳಿ. ತಳದಲ್ಲಿ ಕಂದು ಬಣ್ಣದ್ದು ಅಂಟ್ಕೊಂಡಿದ್ರೆ ಗಾಬರಿ ಬೇಡ, ಮುಂದೆ ದ್ರವ ಬಿದ್ದಾಗ ಬಿಟ್ಕೊಳ್ಳತ್ತೆ, ಸೀದು ಕಪ್ಪಾಗಿದ್ರೆ ಮಾತ್ರ ತೊಂದರೆ.

ಈಗ ಉರಿ ಮಧ್ಯಮಕ್ಕಿಳಿಸಿ ಪುಡಿ ಮಿಶ್ರಣ ಪೂರ್ತಿ ಖೀಮಾ ಮೇಲೆ ಉದುರಿಸಿ ಒಂದು ನಿಮಿಷ ಕೈಯಾಡಿಸಿ. ಒಗ್ಗರಣೇಲಿ ಪುಡಿ ಎಣ್ಣೆಗೆ ಬಿದ್ದಾಗ ಘಮ್ ಅಂತ ಬರತ್ತಲ್ಲ, ಅದೇ ಆಗ್ಬೇಕು ಇಲ್ಲೂ. ಇನ್ನೊಂದು ಕಾರಣಾನೂ ಇದೆ, ಕಾರ್ನ್ ಸ್ಟಾರ್ಚ್ ಒಂದೊಂದು ಕಣಕ್ಕೂ ಕೊಬ್ಬು ಸವರಿಕೊಂಡ್ರೆ ಆಮೇಲೆ ಗಂಟು ಕಟ್ಟಲ್ಲ. ಕೆಚಪ್ಪು, ಮಸ್ಟರ್ಡು ಈಗ್ಲೇ ಹಾಕಿಬಿಡಿ. ತಕ್ಷಣ ತಣ್ಣನೆ ಹಾಲು ಸ್ವಲ್ಪ ಸ್ವಲ್ಪವಾಗಿ ಹಾಕ್ತಾ ತಿರುಗಿಸಿ, ತಳ ಕೆರೆದು ಬಿಡಿಸ್ಕೊಳ್ಳಿ, ನಂತರ ಬಿಸಿನೀರು. ಬಿಸಿನೀರು ಮೊದಲು ಹಾಕಿದ್ರೆ ಪಿಷ್ಟ ಅಲ್ಲಲ್ಲೇ ಮುದ್ದೆ ಆಗೋ ಸಾಧ್ಯತೆ ಇದೆ, ಅದಕ್ಕೇ ಈ ಕ್ರಮ.

ಒಂದು ಕುದಿ ಬರ್ಲಿ, ಜೋರಾಗಿ ಮರಳೋದು ಬೇಡ. ಮ್ಯಾಕರೋನಿ ಹಾಕಿ, ಎಲ್ಲ ದ್ರವದಲ್ಲಿ ಮುಳುಗಿದ್ಯಾ ನೋಡಿ, ಉರಿ ಸಣ್ಣ ಮಾಡಿ ಮುಚ್ಚಿ. 10ರಿಂದ 12 ನಿಮಿಷ. ಮಧ್ಯ ಮೂರು ಸಲ ಆದ್ರೂ ಮುಚ್ಚಳ ತೆಗೆದು ತಳ ಮುಟ್ಟೋ ಹಾಗೆ ತಿರುಗಿಸ್ಲೇಬೇಕು, ಅದರಲ್ಲೂ ಮೊದಲ ಎರಡು ನಿಮಿಷದಲ್ಲಿ ಒಂದು ಸಲ, ಯಾಕಂದ್ರೆ ಪಾಸ್ತಾ ಮೇಲಿನ ಪಿಷ್ಟ ಆಗಲೇ ಬಿಟ್ಕೊಂಡು ಒಂದಕ್ಕೊಂದು, ತಳಕ್ಕೆ ಅಂಟೋದು. ಸಾಮಾನ್ಯವಾಗಿ ಪಾಸ್ತಾ ಬೇಯಿಸಿ ನೀರು ಚೆಲ್ತೀವಿ, ಇಲ್ಲಿ ಚೆಲ್ಲೋ ಹಾಗಿಲ್ಲ, ಆ ಪಿಷ್ಟದ ನೀರೇ ಸಾಸು. ಅನ್ನಾನ ಗಂಜಿ ಬಸಿದು ಮಾಡೋದಕ್ಕೂ ಇಂಗಿಸಿ ಮಾಡೋದಕ್ಕೂ ಇರೋ ವ್ಯತ್ಯಾಸಾನೇ ಇದು.

ಸಮಯಕ್ಕಿಂತ ಬಾಯಿ ನಂಬಿ. ಎಂಟನೇ ನಿಮಿಷದಿಂದ ಒಂದೊಂದೇ ಕಾಳು ತಿಂದು ನೋಡಿ. ಕಚ್ಚಿದಾಗ ನಡುವೆ ಸ್ವಲ್ಪವೇ ಸ್ವಲ್ಪ ಬಿಗಿ ಇರೋವಾಗ ನಿಲ್ಲಿಸ್ಬೇಕು, ಕೂತಲ್ಲೇ ಇನ್ನೂ ಬೇಯತ್ತೆ. ಪಾಸ್ತಾ ಬೆಂದಿಲ್ಲ ದ್ರವ ಇಂಗಿದೆ ಅಂದ್ರೆ ಕಾಲು ಕಪ್ ಬಿಸಿನೀರು. ಡೆನ್ವರ್ ಕಡೆ ಇರೋರು ಇನ್ನೂ ಎರಡು ಮೂರು ನಿಮಿಷ, ಮತ್ತೆ ಅರ್ಧ ಕಪ್ ನೀರು ಜಾಸ್ತಿ ಲೆಕ್ಕ ಹಾಕ್ಕೊಳ್ಳಿ, ಅಷ್ಟು ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯತ್ತೆ. ಬೆಂಗಳೂರಲ್ಲೂ 97ರ ಹತ್ತಿರ, ಆದ್ರೆ ಅಷ್ಟಕ್ಕೆ ದೊಡ್ಡ ಫರಕ್ ಗೊತ್ತಾಗಲ್ಲ.

ಚೀಸ್ ಹಾಕೋ ಹೊತ್ತು

ಇಲ್ಲೇ ಎಲ್ಲ ಇರೋದು. ಸ್ಟೋವ್ ಆಫ್ ಮಾಡಿ, ಎಲೆಕ್ಟ್ರಿಕ್ ಕಾಯಿಲ್ ಆದ್ರೆ ಬಾಣಲೇನೇ ಪಕ್ಕಕ್ಕಿಡಿ, ಅದು ಆಫ್ ಮಾಡಿದ್ಮೇಲೂ ಕಾದೇ ಇರತ್ತೆ. ಮುಚ್ಚಳ ತೆಗೆದು ಎರಡು ನಿಮಿಷ ಆರ್ಲಿ. ಗುಳ್ಳೆ ಪೂರ್ತಿ ನಿಂತಿರ್ಬೇಕು. ಆಮೇಲೆ ತುರಿದ ಚೀಸ್ ಒಂದೊಂದು ಹಿಡಿ ಹಾಕಿ, ಒಂದು ಕರಗಿದ್ಮೇಲೆ ಇನ್ನೊಂದು.

ಶುರುವಿನಲ್ಲಿ ನಾನು ಕುದೀತಿರೋವಾಗ್ಲೇ ಚೀಸೆಲ್ಲ ಒಟ್ಟಿಗೆ ಸುರಿದಿದ್ದೆ, ಮನೆಗೆ ಊಟಕ್ಕೆ ಜನ ಬಂದಿದ್ರು. ಮೇಲೆ ಹಳದಿ ಎಣ್ಣೆ ತೇಲ್ತಾ ಇತ್ತು, ಕೆಳಗೆ ರಬ್ಬರಿನ ಥರ ಉಂಡೆ. ತುಂಬಾ ಬೇಜಾರಾಯ್ತು ಆವತ್ತು. ಆಗೋದು ಏನಂದ್ರೆ, ಚೆಡ್ಡರ್‌ನಲ್ಲಿರೋ ಪ್ರೋಟೀನ್ ಬಲೆ ಥರ ಕೊಬ್ಬನ್ನ ಹಿಡ್ಕೊಂಡಿರತ್ತೆ, ಬಿಸಿ ಜಾಸ್ತಿ ಆದ್ರೆ ಆ ಬಲೆ ಬಿಗಿದ್ಕೊಂಡು ಕೊಬ್ಬನ್ನ ಹಿಂಡಿ ಹೊರಗೆ ಹಾಕತ್ತೆ. ಹಳೇ ಚೆಡ್ಡರ್ ಆದಷ್ಟೂ ಬೇಗ ಒಡಿಯತ್ತೆ. ಇದಕ್ಕೆ ಒಂದು ಗ್ಯಾರಂಟಿ ಉಪಾಯ ಅಂದ್ರೆ ಒಂದೆರಡು ಸ್ಲೈಸ್ ಅಮೆರಿಕನ್ ಚೀಸ್ ಚೆಡ್ಡರ್‌ಗಿಂತ ಮೊದಲು ಕರಗಿಸಿ. ಅಂಥ ಪ್ರೊಸೆಸ್ಡ್ ಚೀಸಲ್ಲಿ ಸೋಡಿಯಂ ಸಿಟ್ರೇಟ್ ಥರದ ಲವಣ ಇರತ್ತೆ, ಅದು ಕೊಬ್ಬನ್ನೂ ನೀರನ್ನೂ ಬಿಡದ ಹಾಗೆ ಕೂಡಿಸಿ ಇಡತ್ತೆ. ಒಡೆದೇ ಹೋಯ್ತು ಅಂದ್ರೆ ಎರಡು ಸ್ಪೂನ್ ತಣ್ಣನೆ ಹಾಲು ಹಾಕಿ ಜೋರಾಗಿ ಕಲಕಿ, ಸ್ವಲ್ಪ ಮಟ್ಟಿಗೆ ಸರಿಹೋಗತ್ತೆ, ಪೂರ್ತಿ ಅಲ್ಲ.

ಚೀಸ್ ಸೇರಿದಾಗ ಇದು ನೀರು ನೀರಾಗಿ ಕಾಣತ್ತೆ, ಹೆದರಿ ಇನ್ನಷ್ಟು ಕಾರ್ನ್ ಸ್ಟಾರ್ಚ್ ಹಾಕ್ಬೇಡಿ. ಮುಚ್ಚಿ ಐದು ನಿಮಿಷ ಬಿಡಿ, ಪಾಸ್ತಾ ಹೀರ್ಕೊಂಡು ಚಮಚಕ್ಕೆ ಅಂಟೋ ಹದಕ್ಕೆ ತಾನೇ ಬರತ್ತೆ. ಉಪ್ಪು ಈಗ ನೋಡಿ, ಚೀಸಿಗೆ ಮುಂಚೆ ನೋಡಿ ಸರಿ ಮಾಡಿದ್ರೆ ಖಂಡಿತ ಜಾಸ್ತಿ ಆಗತ್ತೆ. ಮೇಲೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಪಿಕಲ್ ಸಣ್ಣಗೆ ಹೆಚ್ಚಿ ಉದುರಿಸಿದ್ರೆ ಥೇಟ್ ಬರ್ಗರ್ ರುಚಿ, ಆ ಹುಳಿ ಇಲ್ದೆ ನಾಲ್ಕನೇ ತುತ್ತಿಗೆ ಮುಖ ಕಟ್ಟತ್ತೆ. ಪಿಕಲ್ ಇಲ್ದಿದ್ರೆ ಹಸಿ ಈರುಳ್ಳಿಗೆ ನಿಂಬೆಹಣ್ಣು ಹಿಂಡಿ ಪಕ್ಕದಲ್ಲಿಡಿ.

ಊರಲ್ಲಿ ಮಾಡೋರಿಗೆ

ಕರ್ನಾಟಕದಲ್ಲಿ ಚೆಡ್ಡರ್ ದುಬಾರಿ, ಎಲ್ಲ ಕಡೆ ಸಿಗೋದೂ ಇಲ್ಲ. ಅಮುಲ್ ಪ್ರೊಸೆಸ್ಡ್ ಚೀಸ್ ಈ ಅಡುಗೆಗೆ ಸರಿಯಾಗೇ ಹೊಂದತ್ತೆ, ಮೇಲೆ ಹೇಳಿದ ಲವಣ ಅದರಲ್ಲೂ ಇರೋದ್ರಿಂದ ಒಡೆಯೋ ಭಯಾನೇ ಇಲ್ಲ, ಉಪ್ಪು ಮಾತ್ರ ಅರ್ಧ ಟೀ ಸ್ಪೂನಿಗೆ ಇಳಿಸಿ. ಮಟನ್ ಖೀಮಾ ಹಾಕೋದಾದ್ರೆ ಮುಂಚೆ ಕುಕ್ಕರ್‌ನಲ್ಲಿ ಬೇಯಿಸ್ಕೊಂಡು ನೀರು ಇಂಗಿಸಿ ಆಮೇಲೆ ಹುರೀರಿ. ತೆಳು ಮ್ಯಾಕರೋನಿ ಆದ್ರೆ ಆರನೇ ನಿಮಿಷದಿಂದಲೇ ತಿಂದು ನೋಡ್ತಾ ಇರಿ.

ನಿಮ್ಮದೇ ಬಾಕ್ಸ್ ಮಾಡಿಟ್ಕೊಳ್ಳೋದು

ವಾರದ ದಿನ ಅಳೆಯೋಕೆ ಟೈಮ್ ಇರಲ್ಲ. ಭಾನುವಾರ ಪುಡಿ ಮಿಶ್ರಣ ನಾಲ್ಕರಷ್ಟು ಮಾಡಿ ಒಣಗಿದ ಗಾಜಿನ ಜಾಡೀಲಿ ತುಂಬಿಡಿ, ಒಂದು ಸಲಕ್ಕೆ ಹತ್ತಿರ ಹತ್ತಿರ 3 ಟೇಬಲ್ ಸ್ಪೂನ್ ಆಗತ್ತೆ. ಪಿಷ್ಟ ತಳಕ್ಕೆ ಇಳಿಯೋದ್ರಿಂದ ತೆಗೆಯೋ ಮುಂಚೆ ಪ್ರತಿ ಸಲ ಅಲ್ಲಾಡಿಸಿ. ನಾನು ಜಿಪ್ ಕವರಲ್ಲಿ 225 ಗ್ರಾಂ ಮ್ಯಾಕರೋನಿ ಹಾಕಿ, ಅದರೊಳಗೇ ಪುಡಿಯ ಸಣ್ಣ ಪೊಟ್ಟಣ ಇಟ್ಟು, ನೀರು 2, ಹಾಲು ಒಂದೂವರೆ ಅಂತ ಮೇಲೆ ಬರೆದಿಡ್ತೀನಿ. ಕಾಲೇಜಿಗೆ ಹೋಗೋ ಮಕ್ಕಳ ಕೈಗೆ ಕೊಟ್ಟು ಕಳ್ಸೋಕೆ ಇದಕ್ಕಿಂತ ಒಳ್ಳೇದು ಕಮ್ಮಿ. ಎರಡು ಮೂರು ತಿಂಗಳಲ್ಲಿ ಮುಗಿಸಿ, ಪಪ್ರಿಕಾ ಘಮ ಅಷ್ಟರಲ್ಲಿ ಇಳಿಯತ್ತೆ.

ಸ್ಟ್ರಾಗನಾಫ್ (ಮಾಂಸಕ್ಕೆ ಅಣಬೆ, ಹುಳಿ ಕೆನೆ ಹಾಕಿ ಮಾಡೋ ರಷ್ಯನ್ ಅಡುಗೆ) ರುಚಿ ಬೇಕಂದ್ರೆ ಇದೇ ಕ್ರಮ: ಪಪ್ರಿಕಾ ಅರ್ಧಕ್ಕಿಳಿಸಿ, ಜೀರಿಗೆ ಓರೆಗಾನೊ ಕೆಚಪ್ ಬಿಡಿ, ಖೀಮಾ ಜೊತೆ 200 ಗ್ರಾಂ ಅಣಬೆ ನೀರು ಆರೋವರೆಗೂ ಹುರೀರಿ, ಮ್ಯಾಕರೋನಿ ಬದಲು ಎಗ್ ನೂಡಲ್ಸ್, ಅದು ಬೇಗ ಬೇಯತ್ತೆ, ಏಳೆಂಟು ನಿಮಿಷ ಸಾಕು. ಕೊನೇಲಿ ಚೀಸ್ ಜಾಗಕ್ಕೆ ಮುಕ್ಕಾಲು ಕಪ್ ಸಾರ್ ಕ್ರೀಮ್ ಅಂದ್ರೆ ಹುಳಿ ಕೆನೆ, ಅದೂ ಸ್ಟೋವ್ ಆಫ್ ಮಾಡಿದ್ಮೇಲೇ. ಹುಳಿ ಇಲ್ಲದ ಗಟ್ಟಿ ಮೊಸರು ಹಾಕ್ಬೋದು, ಆದ್ರೆ ಅದು ಇನ್ನೂ ಬೇಗ ಒಡಿಯತ್ತೆ, ಸ್ವಲ್ಪ ಬಿಸಿ ಸಾಸನ್ನ ಮೊಸರಿಗೆ ಕಲಸಿ ಆಮೇಲೆ ಬಾಣಲೆಗೆ ಹಾಕಿ.

ಉಳಿದಿದ್ದನ್ನ ಎರಡು ಗಂಟೆ ಒಳಗೆ ಫ್ರಿಡ್ಜಿಗಿಡಿ, ಮೂರು ದಿನ ಇರತ್ತೆ. ಮಾರನೇ ದಿನ ಗಟ್ಟಿ ಹಲ್ವಾ ಥರ ಆಗಿರತ್ತೆ, ಪಾಸ್ತಾ ಎಲ್ಲ ಹೀರ್ಕೊಂಡಿರತ್ತೆ. ಒಂದು ಬಟ್ಟಲಿಗೆ ಎರಡು ಮೂರು ಸ್ಪೂನ್ ಹಾಲು ಹಾಕಿ ಸಣ್ಣ ಉರೀಲಿ ಮೆತ್ತಗೆ ತಿರುಗಿಸ್ತಾ ಬಿಸಿ ಮಾಡಿ. ಮೈಕ್ರೋವೇವಾದ್ರೆ ಅರ್ಧ ಪವರ್‌ನಲ್ಲಿಟ್ಟು, ಒಂದೊಂದು ನಿಮಿಷಕ್ಕೆ ತೆಗೆದು ಕಲಸಿ, ಮಧ್ಯದಲ್ಲೂ ಹೊಗೆಯಾಡೋ ಅಷ್ಟು ಬಿಸಿಯಾದ್ಮೇಲೆ ಬಡಿಸಿ.